ಮೀಟಿಂಗಲ್ಲಿ ಮೂಕ, ಜಗುಲೀಲಿ ವಾಚಾಳಿ: ಪರ್ಸನಾಲಿಟಿ ಟೆಸ್ಟ್ ಮಾಡ್ಕೊಂಡ ನನ್ನ ಅನುಭವ

ನಾನಿರೋದು ಶಿರಸಿ ಹತ್ರ ಒಂದು ಹಳ್ಳೀಲಿ, ಕೆಲ್ಸ ಬೆಂಗ್ಳೂರಿನ ಕಂಪ್ನಿದು. ಹೋದ ವರ್ಷ ಮಳೆಗಾಲ ಶುರುವಾಗೋ ಹೊತ್ತಿಗೆ ಆಫೀಸಿಂದ ಎಲ್ರಿಗೂ ಒಂದು ಟೆಸ್ಟ್ ಲಿಂಕ್ ಕಳ್ಸಿದ್ರು, ಜನ್ರ ಸ್ವಭಾವಾನ ನಾಲ್ಕು ಇಂಗ್ಲಿಷ್ ಅಕ್ಷರದ ಹದಿನಾರು ಟೈಪಾಗಿ ವಿಂಗಡಿಸ್ತದಲ್ಲ, ಅದೇ. ಕರೆಂಟ್ ಹೋಗೋದ್ರೊಳಗೆ ಮುಗ್ಸಬೇಕು ಅಂತ ಗಡಿಬಿಡೀಲಿ ಒತ್ತಿದೆ, ಐಎನ್‌ಟಿಪಿ ಅಂತ ಬಂತು. ಅಂತರ್ಮುಖಿ, ಒಳಗೊಳಗೇ ಯೋಚ್ನೆ ಮಾಡೋನು ಅಂತ. ವಿವರಣೆ ಓದಿದ್ರೆ ಯಾರೋ ಪಕ್ಕದಲ್ಲೇ ಕೂತು ನನ್ನ ನೋಡಿ ಬರ್ದಂಗಿತ್ತು. ಸಂಜೆ ಚಾ ಕುಡಿವಾಗ ಅಣ್ಣಂಗೆ ಓದಿ ಹೇಳಿದ್ರೆ ಅಂವ ನಕ್ಕಿದ್ದೇ ನಕ್ಕಿದ್ದು. "ನೀನು ಅಂತರ್ಮುಖಿಯಾ? ಮಾತಾಡದೇ ಹೋದ್ರೆ ನಿಂಗೆ ತಲೆನೇ ಓಡ್ತಿಲ್ಲೆ ತಮಾ."

ಸಿಟ್ಟು ಬಂತು ನಿಜ. ಆದ್ರೆ ಆ ವಿವರಣೆ ಯಾಕೆ ಅಷ್ಟು ಸರಿ ಅನ್ನಿಸ್ತು ಅಂತ ಹುಡುಕಿದಾಗ ಫೋರರ್ ಅನ್ನೋ ಮನಶ್ಶಾಸ್ತ್ರದ ಮೇಷ್ಟ್ರ ಪ್ರಯೋಗ ಸಿಕ್ತು. 1948ರಲ್ಲಿ 39 ವಿದ್ಯಾರ್ಥಿಗಳಿಗೆ ಟೆಸ್ಟ್ ಕೊಟ್ಟು, ಆಮೇಲೆ 'ನಿಮ್ಮ ಸ್ವಭಾವ ಇದು' ಅಂತ ಎಲ್ರಿಗೂ ಒಂದೇ ಬರಹ ಕೊಟ್ನಂತೆ, ಅದೂ ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ್ದು. ಹುಡುಗ್ರು 5ಕ್ಕೆ ಸರಾಸರಿ 4.26 ಮಾರ್ಕ್ಸ್ ಕೊಟ್ರು! ನಮ್ಮ ಯುಗಾದಿ ವರ್ಷಭವಿಷ್ಯ ಓದಿದಾಗ ಆಗೋದೂ ಇದೇ ಅಲ್ವಾ.

ಮೂರು ವಾರ ಬಿಟ್ಟು ಭಾನುವಾರ ಬೆಳಿಗ್ಗೆ ಆರಾಮಾಗಿ ಕೂತು ಮತ್ತೊಂದ್ಸಲ ಮಾಡ್ದೆ. ಇಎನ್‌ಟಿಪಿ ಬಂತು, ಬಹಿರ್ಮುಖಿ. ಈ ಸಲ ಒಂದು ಕೆಲ್ಸ ಹೆಚ್ಗೆ ಮಾಡಿದ್ದೆ, ಪ್ರತಿ ಪ್ರಶ್ನೆ ಓದಿದಾಗ ತಲೇಲಿ ಯಾವ ಚಿತ್ರ ಬಂತು ಅಂತ ಪಕ್ಕದಲ್ಲೊಂದು ನೋಟ್‌ಬುಕ್ಕಲ್ಲಿ ಬರ್ಕೊಂಡಿದ್ದೆ. ಅಲ್ಲೇ ವಿಷ್ಯ ಹೊರಬಿತ್ತು. 'ಜನ ಸೇರಿದಲ್ಲಿ ನೀವು ಹೇಗೆ' ಅನ್ನೋ ಥರದ ಪ್ರಶ್ನೆಗೆ ಮೊದಲ್ನೇ ಸಲ ನನ್ನ ಕಣ್ಮುಂದೆ ಇದ್ದಿದ್ದು ಬೆಂಗ್ಳೂರಲ್ಲಿ ಟೀಮ್ ಡಿನ್ನರ್, ಎಲ್ರೂ ಇಂಗ್ಲಿಷಲ್ಲಿ ಜೋಕ್ ಮಾಡ್ತಿರ್ತಾರೆ, ನಾನು ನನ್ನ ವಾಕ್ಯ ಜೋಡಿಸ್ಕೊಂಡು ಬಾಯಿ ಬಿಡೋಷ್ಟ್ರಲ್ಲಿ ಮಾತು ಬೇರೆ ಕಡೆ ಹೋಗಿರ್ತದೆ. ಎರಡ್ನೇ ಸಲ ಬಂದಿದ್ದು ಊರ ಉಪನಯನದ ಊಟದ ಪಂಕ್ತಿ, ರಾತ್ರಿ ತಾಳಮದ್ದಲೆ ಮುಗಿದ್ಮೇಲೆ ಯಾರ ಅರ್ಥಗಾರಿಕೆ ಚಲೋ ಆತು ಅಂತ ಜಗುಲೀಲಿ ಕೂತು ವಾದ ಮಾಡೋದು, ಅಲ್ಲಿ ನನ್ನ ಬಾಯಿ ಮುಚ್ಸೋಕೆ ಆಯಿನೇ ಬರ್ಬೇಕು. ಅಂದ್ರೆ ನಾನು ಇಂಗ್ಲಿಷಲ್ಲಿ ಅಂತರ್ಮುಖಿ, ಮನೆಮಾತಲ್ಲಿ ಬಹಿರ್ಮುಖಿ! ಟೆಸ್ಟಿಗೆ ಇದು ಗೊತ್ತಾಗೋದಾದ್ರೂ ಹೇಗೆ.

ಇನ್ನೊಂದು, ಈ ಟೆಸ್ಟಲ್ಲಿ ಮಧ್ಯೆ ಗೆರೆ ಎಳ್ದು ಆಚೆ-ಈಚೆ ಮಾಡ್ತಾರೆ. ಅಡಿಕೆ ದರ್ಜೆ ಪ್ರಕಾರ ಬೇರೆ ಮಾಡುವಾಗ 'ರಾಶಿ' ದರ್ಜೆಗೆ ಹಾಕೋದೋ 'ತಟ್ಟಿಬೆಟ್ಟೆ' ದರ್ಜೆಗೋ ಅಂತ ಕೈಯಲ್ಲೇ ನಿಂತುಬಿಡೋ ಅಡಿಕೆ ಇರ್ತಾವಲ್ಲ, ಇವತ್ತು ಈ ಗುಡ್ಡೆಗೆ ಬಿದ್ರೆ ನಾಳೆ ಆ ಗುಡ್ಡೆಗೆ, ನಾನು ಅಂಥದ್ದು. ಯುಂಗ್ ಅನ್ನೋ ಸ್ವಿಸ್ ಮನಶ್ಶಾಸ್ತ್ರಜ್ಞ 1921ರಲ್ಲಿ ಪ್ರಕಟಿಸಿದ ಪುಸ್ತಕ ಇಟ್ಕೊಂಡು ಅಮೆರಿಕದ ಕ್ಯಾಥರೀನ್ ಬ್ರಿಗ್ಸ್, ಇಸಾಬೆಲ್ ಮೈಯರ್ಸ್ ಅನ್ನೋ ತಾಯಿ-ಮಗಳು ಕಟ್ಟಿದ್ದು ಈ ಪದ್ಧತಿ. ಈಗಿನ ಸಂಶೋಧಕರು ಹೆಚ್ಚಾಗಿ ಬಳ್ಸೋದು ಬಿಗ್ ಫೈವ್, ಅದ್ರಲ್ಲಿ ಗುಡ್ಡೆ ಇಲ್ಲ, ಐದು ಗುಣಕ್ಕೆ ಐದು ಅಳತೆಪಟ್ಟಿ, ನೀವು ಎಲ್ಲಿ ನಿಲ್ತೀರಿ ಅಂತ ಅಷ್ಟೇ. ಅದ್ರ 120 ಪ್ರಶ್ನೆಯ ಆವೃತ್ತಿ ಫ್ರೀ ಇದೆ, ಅದನ್ನೂ ಮಾಡ್ದೆ, ಅಣ್ಣನ ಕೈಯಲ್ಲೂ ನನ್ನ ಬಗ್ಗೆ ಉತ್ರ ಹಾಕ್ಸಿದೆ.

ಅದಕ್ಕಿಂತ ಉಪಯೋಗಕ್ಕೆ ಬಂದಿದ್ದು ಎರಡು ವಾರ ಬರ್ದಿಟ್ಟ ಲೆಕ್ಕ. ಏನೇ ನಿರ್ಧಾರ ಮಾಡಿದ್ರೂ ಎಲ್ಲಿ, ಯಾರ ಹತ್ರ, ಹೇಗೆ ಮಾಡ್ದೆ ಅಂತ ಎರಡು ಸಾಲು. ಅಡಿಕೆ ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆಯೋ ದಿನದ್ದು ನೋಡಿ. ಬೋರ್ಡೋ ಅಂದ್ರೆ ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಕಲ್ಸಿದ್ಮೇಲೆ ಅವತ್ತೇ ಹೊಡೀಬೇಕು, ಮೋಡ ನೋಡಿದ್ರೆ ಧೈರ್ಯ ಇಲ್ಲ, ಮರ ಹತ್ತೋ ಕೊನೆಗೌಡ ಬೇರೆ ಬಂದು ನಿಂತಾಗಿದೆ. ನಾನು "ಇವತ್ತೇ ಕಲ್ಸನ" ಅಂತ ಶುರು ಮಾಡ್ದೋನು ನಾಲ್ಕ್ನೇ ಮಾತಿಗೆ "ಬೇಡ, ನಾಳೆ ಬೆಳಿಗ್ಗೆನೇ ಚಲೋ" ಅಂತ ಮುಗಿಸ್ದೆ. ಮಧ್ಯೆ ಅಣ್ಣ ಒಂದೂ ಮಾತಾಡಿಲ್ಲ, ಕವಳ ಹಾಕ್ಕೊಂಡು ಸುಮ್ನೆ ನೋಡ್ತಿದ್ದ! ನೋಟ್‌ಬುಕ್ಕಲ್ಲಿ ಇಂಥದ್ದೇ ಮತ್ತೆ ಮತ್ತೆ. ನಾನು ಯೋಚ್ನೆ ಮಾಡಿ ಮಾತಾಡೋನಲ್ಲ, ಮಾತಾಡ್ತಾ ಯೋಚ್ನೆ ಮಾಡೋನು.

ಹಾಗಾಗಿ ಈಗ ಮೀಟಿಂಗಿಗೆ ಅರ್ಧ ಗಂಟೆ ಮುಂಚೆ ತೋಟದ ಕಡೆ ಹೋಗಿ ಫೋನಲ್ಲಿ ನಮ್ಮ ಮಾತಲ್ಲೇ ಎಲ್ಲಾ ಹೇಳಿ ರೆಕಾರ್ಡ್ ಮಾಡ್ಕೊಳ್ತೆ. ಒಂದ್ಸಲ ಕೇಳಿ, ಮೂರು ಸಾಲು ಇಂಗ್ಲಿಷಲ್ಲಿ ಬರ್ಕೊಂಡು ಕೂರ್ತೆ. ಮೊದ್ಲಿನಂಗೆ ಮೂಕ ಆಗೋದು ತುಂಬಾ ಕಮ್ಮಿ ಆಗಿದೆ, ಪೂರ್ತಿ ಹೋಗಿದೆ ಅಂತೇನೂ ಅಲ್ಲ. ಮ್ಯಾನೇಜರ್ ಹತ್ರ 'ಅಜೆಂಡಾ ಹಿಂದಿನ ದಿನಾನೇ ಕಳ್ಸಿ' ಅಂತ ಕೇಳ್ಕೊಂಡೆ, ಕೆಲವೊಮ್ಮೆ ಕಳಿಸ್ತಾರೆ.

ಅಣ್ಣ ಹಾಕಿದ ಉತ್ರದ ಕತೆ ಹೇಳಿಲ್ಲ ಅಲ್ವಾ. ನಾಲ್ಕು ಅಳತೇಲಿ ನಂದೂ ಅಂವಂದೂ ಹೆಚ್ಚು ಕಮ್ಮಿ ಒಂದೇ. ಐದ್ನೇದು ಶಿಸ್ತು, ಹಿಡಿದ ಕೆಲ್ಸ ಮುಗ್ಸೋದು, ಅದ್ರಲ್ಲಿ ನಂಗೆ ನಾನೇ ಮೇಲಿನ ಮಾರ್ಕ್ಸ್ ಕೊಟ್ಕೊಂಡಿದ್ದೆ, ಅಂವ ತಳಕ್ಕೆ ಇಳ್ಸಿಬಿಟ್ಟಿದ್ದ. ಜಗಳಕ್ಕೆ ಹೋದೆ. ಅಂವ ಏನೂ ಹೇಳ್ದೆ ಅಟ್ಟದ ಕಡೆ ಕೈ ತೋರ್ಸಿದ. ಹೋದ ವರ್ಷ ನಾನು ರಿಪೇರಿ ಮಾಡ್ತೆ ಅಂತ ಬಿಚ್ಚಿಟ್ಟ ಸ್ಪ್ರೇ ಪಂಪು, ವಾಷರ್ ಒಂದ್ಕಡೆ ಪೈಪ್ ಒಂದ್ಕಡೆ, ಅಲ್ಲೇ ಇದೆ ಇನ್ನೂ.