ತಂಡದ ಪ್ರವಾಸಕ್ಕೆ ಮೈಸೂರಿನಲ್ಲಿ ಕೊಠಡಿ: ಬಾಡಿಗೆಗಿಂತ ಮೊದಲು ಗಡಿಯಾರ ನೋಡಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಕೊನೆಕೊಯ್ಲು ಮುಗಿದು, ಅಡಿಕೆ ಸುಲಿದು ಒಣಗಿಸುವ ಕೆಲಸವೂ ಒಂದು ಹದಕ್ಕೆ ಬಂದಾಗ ಮನೆಮನೆಗಳಲ್ಲಿ ಮೈಸೂರು ಪ್ರವಾಸದ ಮಾತು ಏಳುತ್ತದೆ. ದಾಯಾದಿಗಳ ಕುಟುಂಬಗಳು, ಮಹಿಳಾ ಮಂಡಳಗಳು, ಭಜನಾ ಮಂಡಳಿಗಳು ಹತ್ತು ಹದಿನೈದು ಜನರ ತಂಡ ಕಟ್ಟಿಕೊಂಡು ಹೊರಡುತ್ತವೆ. ಬುತ್ತಿಯಿಂದ ಹಿಡಿದು ಮರಳಿ ಬರುವ ಬಸ್ಸಿನವರೆಗೆ ಎಲ್ಲವನ್ನೂ ಅಚ್ಚುಕಟ್ಟಾಗಿ ಯೋಜಿಸುವ ಇಂಥ ತಂಡಗಳು ವಸತಿಯ ವಿಷಯದಲ್ಲಿ ಮಾತ್ರ ಎಡವುವುದನ್ನು ನಾನು ಹಲವು ಬಾರಿ ಕಂಡಿದ್ದೇನೆ. ನಮ್ಮ ನೆಂಟರ 14 ಜನರ ತಂಡವೊಂದು ಕಡಿಮೆ ಬಾಡಿಗೆಯ ಲಾಡ್ಜನ್ನು ಮೊಬೈಲಿನಲ್ಲೇ ಕಾದಿರಿಸಿ, ರಾತ್ರಿ ಬಸ್ಸಿನಲ್ಲಿ ಹೋಗಿ, ಬೆಳಗಿನ ಐದೂವರೆಗೆ ಅದರ ಬಾಗಿಲಲ್ಲಿ ನಿಂತಿತು. ಕೊಠಡಿ ಸಿಗುವುದು ಮಧ್ಯಾಹ್ನ 12 ಗಂಟೆಗೆ ಎಂದು ಅಲ್ಲಿ ತಿಳಿಯಿತು. ಮಂಡಿನೋವಿನ ದೊಡ್ಡಮ್ಮನನ್ನು ಆರೂವರೆ ತಾಸು ಬ್ಯಾಗಿನ ಮೇಲೆ ಕೂರಿಸಲಾಗದೆ ಅವರು ಒಂದು ಇಡೀ ದಿನದ ಬಾಡಿಗೆಯನ್ನು ಹೆಚ್ಚಿಗೆ ತೆತ್ತರು.

ಮೊದಲು ದಿನ ಗೊತ್ತುಮಾಡಬೇಕು. ಎರಡು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆಯ ದಿನಗಳಲ್ಲಿ ಶಿರಸಿಯಲ್ಲಿ ಕೊಠಡಿ ಹುಡುಕಿದವರಿಗೆ ದಸರೆಯ ಮೈಸೂರು ಹೇಗಿರುತ್ತದೆ ಎಂದು ವಿವರಿಸಬೇಕಾಗಿಲ್ಲ. ದಸರೆಯನ್ನೇ ನೋಡುವ ಉದ್ದೇಶವಿಲ್ಲದಿದ್ದರೆ ಆ ದಿನಗಳನ್ನು ಬಿಟ್ಟುಬಿಡುವುದು ಒಳ್ಳೆಯದು. ಮೃಗಾಲಯಕ್ಕೆ ಮಂಗಳವಾರ ರಜೆ. ಅರಮನೆಯ ದೀಪಾಲಂಕಾರ ಭಾನುವಾರ ಮತ್ತು ಸಾರ್ವಜನಿಕ ರಜಾದಿನಗಳ ಸಂಜೆ ಇರುವುದರಿಂದ ಹೆಚ್ಚಿನ ತಂಡಗಳು ಶನಿವಾರ ಬೆಳಿಗ್ಗೆ ತಲುಪಿ, ಭಾನುವಾರ ದೀಪ ನೋಡಿಕೊಂಡು ರಾತ್ರಿ ಬಸ್ಸು ಹತ್ತುತ್ತವೆ. ಮುಂದಿನ ಲೆಕ್ಕವನ್ನು ಈ ಕ್ರಮಕ್ಕೇ ಹೊಂದಿಸಿದ್ದೇನೆ.

ಇನ್ನು ಜಾಗ. ಧನ್ವಂತರಿ ರಸ್ತೆ, ಗಾಂಧಿ ಚೌಕ ಮತ್ತು ದೊಡ್ಡ ಗಡಿಯಾರದ ಸುತ್ತಮುತ್ತ ಬಿಟ್ಟು ಬೇರೆಡೆ ಹುಡುಕಬೇಡಿ ಎಂಬುದು ನನ್ನ ಖಚಿತವಾದ ಸಲಹೆ. ಅಲ್ಲಿಂದ ದೇವರಾಜ ಮಾರುಕಟ್ಟೆ, ಅರಮನೆ, ನಗರ ಬಸ್ ನಿಲ್ದಾಣ ಎಲ್ಲವೂ ನಡೆದು ಹೋಗುವಷ್ಟು ಹತ್ತಿರ. ವರ್ತುಲ ರಸ್ತೆಯ ಬದಿಯ ಹೊಸ ಕಟ್ಟಡದಲ್ಲಿ ಕೊಠಡಿಗೆ 300 ರೂಪಾಯಿ ಕಡಿಮೆ ಇರಬಹುದು. ಆದರೆ ಆಟೊದಲ್ಲಿ ಕೂರಿಸುವುದು ಮೂವರನ್ನು. 14 ಜನರಿಗೆ ಪ್ರತಿ ಸಲವೂ ಐದು ಆಟೊ ಬೇಕಾಗುತ್ತದೆ, ಉಳಿಸಿದ ಹಣ ಮೊದಲ ದಿನ ಮಧ್ಯಾಹ್ನದೊಳಗೇ ಕರಗುತ್ತದೆ. ‘ಅರಮನೆಯ ಸಮೀಪ’ ಎಂಬ ಜಾಹೀರಾತಿನ ಮಾತನ್ನು ನಂಬದೆ, ಮೊಬೈಲಿನ ನಕ್ಷೆಯಲ್ಲಿ ನಡಿಗೆಯ ದೂರವನ್ನು ನೀವೇ ನೋಡಿಕೊಳ್ಳಬೇಕು. ಟಿ.ಟಿ. (ಟೆಂಪೊ ಟ್ರಾವೆಲರ್) ಮಾಡಿಕೊಂಡು ಹೋಗುವವರು ಅದನ್ನು ನಿಲ್ಲಿಸಲು ಜಾಗ ಇದೆಯೇ ಎಂದು ಮೊದಲೇ ಕೇಳದಿದ್ದರೆ ಈ ಹಳೆಯ ಬೀದಿಗಳಲ್ಲಿ ಬಹಳ ಕಷ್ಟಪಡುತ್ತಾರೆ.

ಎಲ್ಲರೂ ತಪ್ಪುವ ಹಂತ ಇದರ ಮುಂದಿನದು. ಆ್ಯಪ್‌ಗಳಲ್ಲಿ ಕಾಣುವ ದರ ಸಾಮಾನ್ಯವಾಗಿ ಇಬ್ಬರಿಗೆ ಲೆಕ್ಕ ಹಾಕಿದ್ದು. ಮೂರನೆಯ ಮತ್ತು ನಾಲ್ಕನೆಯ ವ್ಯಕ್ತಿಯ ಹಾಸಿಗೆಗೆ ಎಷ್ಟು, ಎಷ್ಟನೇ ವಯಸ್ಸಿನವರೆಗೆ ಮಕ್ಕಳಿಗೆ ದುಡ್ಡಿಲ್ಲ ಎಂಬುದು ಅಲ್ಲಿ ಸ್ಪಷ್ಟವಾಗುವುದಿಲ್ಲ. ಆದ್ದರಿಂದ ಆ್ಯಪ್‌ನಲ್ಲಿ ನಾಲ್ಕೈದು ಲಾಡ್ಜ್‌ಗಳ ಹೆಸರು, ಇತ್ತೀಚಿನ ಫೋಟೊ, ಬಂದವರ ಅಭಿಪ್ರಾಯ ನೋಡಿಕೊಂಡು, ನೇರವಾಗಿ ಲಾಡ್ಜ್‌ಗೇ ಫೋನ್ ಮಾಡಬೇಕು. ಕೇಳಬೇಕಾದ ಮೊದಲ ಪ್ರಶ್ನೆ ಬಾಡಿಗೆಯದಲ್ಲ, ಸಮಯದ್ದು: ‘ನಿಮ್ಮಲ್ಲಿ 24 ತಾಸಿನ ಲೆಕ್ಕವೋ, 12 ಗಂಟೆಯ ಲೆಕ್ಕವೋ?’ 12 ಗಂಟೆಯ ಲೆಕ್ಕದ ಲಾಡ್ಜಿನಲ್ಲಿ ಮಧ್ಯಾಹ್ನದಿಂದ ಮರುದಿನ ಮಧ್ಯಾಹ್ನಕ್ಕೆ ಒಂದು ದಿನ. 24 ತಾಸಿನ ಲೆಕ್ಕದಲ್ಲಿ ನೀವು ಕೊಠಡಿ ಹಿಡಿದ ಗಳಿಗೆಯಿಂದ ಮರುದಿನದ ಅದೇ ಗಳಿಗೆಯವರೆಗೆ ಒಂದು ದಿನ.

ನಾಲ್ಕು ಹಾಸಿಗೆಯ ಎರಡು, ಮೂರು ಹಾಸಿಗೆಯ ಎರಡು, ಹೀಗೆ ನಾಲ್ಕು ಕೊಠಡಿಗಳಲ್ಲಿ 14 ಜನ ಹಿಡಿಸುತ್ತಾರೆ. ಉದಾಹರಣೆಗೆ ಒಂದು ಲಾಡ್ಜ್ 12 ಗಂಟೆಯ ಲೆಕ್ಕದಲ್ಲಿ ಕೊಠಡಿಗೆ ಸರಾಸರಿ 1,500 ರೂಪಾಯಿ, ಇನ್ನೊಂದು 24 ತಾಸಿನ ಲೆಕ್ಕದಲ್ಲಿ 1,800 ರೂಪಾಯಿ ಹೇಳಿತು ಎಂದಿಟ್ಟುಕೊಳ್ಳೋಣ. ಮೊದಲನೆಯದರಲ್ಲಿ ಶನಿವಾರ ನಸುಕಿಗೆ ಒಳಗೆ ಹೋದರೆ ಶುಕ್ರವಾರದ ದಿನ, ಶನಿವಾರದ ದಿನ, ಭಾನುವಾರ ಮಧ್ಯಾಹ್ನದ ನಂತರದ್ದು ಇನ್ನೊಂದು ದಿನ, ಒಟ್ಟು ಮೂರು ದಿನಕ್ಕೆ 18,000 ರೂಪಾಯಿ. ಎರಡನೆಯದರಲ್ಲಿ ಎರಡೇ ದಿನ, 14,400 ರೂಪಾಯಿ. ಅದನ್ನೂ ಇಳಿಸಬಹುದು. ನಸುಕಿಗೆ ಎರಡೇ ಕೊಠಡಿ ಹಿಡಿದು ಎಲ್ಲರೂ ಸ್ನಾನ ಮುಗಿಸಿ, ಸಾಮಾನು ಅಲ್ಲಿಟ್ಟು ಊರು ನೋಡಲು ಹೊರಡಬೇಕು. ಉಳಿದೆರಡನ್ನು ಶನಿವಾರ ಸಂಜೆ 7ಕ್ಕೆ ಹಿಡಿಯಬೇಕು. ಸಂಜೆ ಹಿಡಿದವು ಭಾನುವಾರ ಸಂಜೆ 7ರವರೆಗೆ ಒಂದೇ ದಿನದ ಬಾಡಿಗೆಗೆ ನಿಮ್ಮವಾಗಿರುತ್ತವೆ, ನಸುಕಿನ ಎರಡಕ್ಕೆ ಮಾತ್ರ ಎರಡು ದಿನದ ಬಾಡಿಗೆ. ಒಟ್ಟು 10,800 ರೂಪಾಯಿ, ದೀಪಾಲಂಕಾರ ಮುಗಿಸಿ ಬಂದು ಬ್ಯಾಗು ಎತ್ತಿಕೊಳ್ಳುವವರೆಗೂ ಎರಡು ಕೊಠಡಿ ಕೈಯಲ್ಲಿರುತ್ತವೆ. ಸಂಜೆಯ ಕೊಠಡಿಗಳಿಗೆ ಮುಂಗಡ ಕೊಟ್ಟು, ಸಮಯವನ್ನು ರಸೀದಿಯಲ್ಲಿ ಬರೆಸಿಕೊಳ್ಳುವುದನ್ನು ಮರೆಯಬಾರದು.

ಕರಾವಳಿಯವರಿಗೂ ಇದೇ ಮಾತು ಅನ್ವಯಿಸುತ್ತದೆ, ಏಕೆಂದರೆ ಮುರ್ಡೇಶ್ವರದಿಂದ ಮೈಸೂರು ಮಾರ್ಗವಾಗಿ ಬೆಂಗಳೂರಿಗೆ ಹೋಗುವ ರೈಲು ಕತ್ತಲಿರುವಾಗಲೇ ಮೈಸೂರು ಮುಟ್ಟುತ್ತದೆ. ರೈಲಿನವರಿಗೆ ಒಂದು ಅನುಕೂಲ ಉಂಟು: ಖಚಿತವಾದ ಟಿಕೆಟಿನ ಪಿಎನ್‌ಆರ್ ಸಂಖ್ಯೆಯಿಂದ ನಿಲ್ದಾಣದ ವಿಶ್ರಾಂತಿ ಕೊಠಡಿಯನ್ನು ಐಆರ್‌ಸಿಟಿಸಿಯಲ್ಲಿ ಕಾದಿರಿಸಬಹುದು. ಇಡೀ ತಂಡಕ್ಕೆ ಅದು ಸಾಲುವುದಿಲ್ಲವಾದರೂ ಹಿರಿಯರು ಬೆಳಗಾಗುವವರೆಗೆ ಮಲಗಲು ಸಾಕು.

ಅದೇ ಫೋನಿನಲ್ಲಿ ಬಿಸಿನೀರಿನ ವಿಷಯವನ್ನೂ ಬಿಡಿಸಿ ಕೇಳಬೇಕು. ‘ಬಿಸಿನೀರು ಇದೆ’ ಎಂಬ ಉತ್ತರಕ್ಕೆ ತೃಪ್ತರಾಗಬಾರದು. ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ಸೋಲಾರೋ ಗೀಸರೋ ಎಂದು ಕೇಳಬೇಕು. ಸೋಲಾರ್ ನೀರನ್ನು ಬೆಳಿಗ್ಗೆ ಎರಡು ಮೂರು ತಾಸು ಮಾತ್ರ ಬಿಡುವ ಲಾಡ್ಜ್‌ಗಳಿವೆ, ಎರಡು ಬಚ್ಚಲಲ್ಲಿ 14 ಜನರ ಸ್ನಾನ ಅಷ್ಟರೊಳಗೆ ಆಗುವಂಥದ್ದಲ್ಲ. ಹಳೆಯ ಕಟ್ಟಡಗಳಲ್ಲಿ ಲಿಫ್ಟ್ ಇಲ್ಲದಿರುವುದೂ ಉಂಟು, ಹಿರಿಯರಿಗೆ ಮೊದಲ ಮಹಡಿಯೇ ಬೇಕೆಂದು ಹೇಳಬೇಕು. ಎ.ಸಿ.ಗೆ ಹಣ ಸುರಿಯುವ ಅಗತ್ಯ ಮೈಸೂರಿನಲ್ಲಿ ಏಪ್ರಿಲ್, ಮೇ ಬಿಟ್ಟರೆ ನನಗೆ ಎಂದೂ ಕಂಡಿಲ್ಲ.

ತೆರಿಗೆ ಸೇರಿಯೇ ದರ ಹೇಳುವಂತೆ ಕೇಳಿ. 2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂಪಾಯಿವರೆಗಿನ ಕೊಠಡಿಗಳ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಮೇಲಿನ 10,800 ರೂಪಾಯಿಗೆ ಶೇ 5 ಸೇರಿಸಿದರೆ 11,340 ಆಗುತ್ತದೆ, ತಲೆಗೆ 810 ರೂಪಾಯಿ. ಯಾರಾದರೂ ಇನ್ನೂ ಶೇ 12 ಎಂದರೆ ಬಿಲ್ಲಿನಲ್ಲಿ ತೋರಿಸುವಂತೆ ಕೇಳಲು ಸಂಕೋಚ ಬೇಡ.

ಮುಂಗಡವೆಂದು ಒಂದು ಕೊಠಡಿಯ ಒಂದು ದಿನದ ಬಾಡಿಗೆಗಿಂತ ಹೆಚ್ಚು ಕಳುಹಿಸಬಾರದು. ಲಾಡ್ಜ್‌ಗಳ ಹೆಸರಿನಲ್ಲಿ ನಕಲಿ ಜಾಲತಾಣ ಮತ್ತು ನಕಲಿ ಫೋನ್ ಸಂಖ್ಯೆಗಳನ್ನು ಹಾಕಿ ಹಣ ಕೀಳುವವರಿದ್ದಾರೆ. ಸಂಖ್ಯೆಯನ್ನು ಎರಡು ಕಡೆ ತಾಳೆ ನೋಡಬೇಕು. ಪೂರ್ತಿ ಹಣವನ್ನು ಈಗಲೇ ಹಾಕಿ ಎಂದು ಅವಸರಿಸಿದರೆ ಫೋನ್ ಇಡಬೇಕು. ಮೋಸವಾದದ್ದು ಗೊತ್ತಾದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಬಸ್ ನಿಲ್ದಾಣದಲ್ಲಿ ಇಳಿದ ಮೇಲೆ ಆಟೊದವರನ್ನೇ ಲಾಡ್ಜ್ ತೋರಿಸಲು ಕೇಳುವ ಸುಲಭದ ದಾರಿಯನ್ನೂ ನಾನು ಒಪ್ಪುವುದಿಲ್ಲ, ಕರೆತಂದವರ ಕಮಿಷನ್ ನಿಮ್ಮ ಬಾಡಿಗೆಯಲ್ಲೇ ಸೇರುತ್ತದೆ.

ದೊಡ್ಡವರೆಲ್ಲರ ಗುರುತಿನ ಚೀಟಿ ಬೇಕಾಗುತ್ತದೆ. ಆಧಾರ್ ಕೊಡುವುದಾದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿಯನ್ನು ಯುಐಡಿಎಐ ಜಾಲತಾಣದಿಂದ ಇಳಿಸಿಕೊಂಡು, ಎಲ್ಲರದ್ದನ್ನೂ ಒಂದು ಲಕೋಟೆಯಲ್ಲಿ ತಂಡದ ಒಬ್ಬರು ಇಟ್ಟುಕೊಳ್ಳಲಿ.

ಬಸ್ಸು ಹತ್ತುವ ದಿನ ಸಂಜೆ ಲಾಡ್ಜ್‌ಗೆ ಇನ್ನೊಮ್ಮೆ ಫೋನ್ ಮಾಡಬೇಕು. ನೀವು ಹಗಲು ಮಾತಾಡಿದವರು ನಸುಕಿನಲ್ಲಿ ಕೌಂಟರಿನಲ್ಲಿ ಇರುವುದಿಲ್ಲ. ರಾತ್ರಿ ಪಾಳಿಯವರ ಹೆಸರು ಮತ್ತು ಮೊಬೈಲ್ ಸಂಖ್ಯೆ ಕೇಳಿ ಬರೆದುಕೊಂಡು, ಐದೂವರೆಗೆ 14 ಜನ ಬರುತ್ತಾರೆ, ಎರಡು ಕೊಠಡಿ ತೆರೆದಿರಬೇಕು ಎಂದು ಅವರಿಗೇ ಹೇಳಿಬಿಡಬೇಕು. ಇಳಿಯಲು ಅರ್ಧ ತಾಸು ಇರುವಾಗ ಬಸ್ಸಿನಿಂದಲೇ ಆ ಸಂಖ್ಯೆಗೆ ಕರೆ ಮಾಡಿದರೆ, ನೀವು ಬ್ಯಾಗು ಹಿಡಿದು ಹೋಗುವ ಹೊತ್ತಿಗೆ ಶಟರ್ ಮೇಲೆ ಸರಿದಿರುತ್ತದೆ.