ಕೋಶದ ಕೆಳಗಿನ ನೆಲ ಬದಲಿಸಿ ನೋಡುವುದು ಹೇಗೆ

ಧಾರವಾಡದಿಂದ ಒಬ್ಬ ಹುಡುಗ ಈ ಜುಲೈನಲ್ಲಿ ನಮ್ಮ ಮುಂಬೈ ಲ್ಯಾಬಿಗೆ ಸೇರಿದ. ಮಾಟುಂಗಾದಲ್ಲಿ ರೂಮು. ಮೊದಲ ವಾರವೇ ಕೇಳಿದ, "ಅಕ್ಕಾರ, ಕೋಶಕ್ಕ ಕೈ ಇಲ್ಲ, ಕಣ್ಣಿಲ್ಲ. ಕೆಳಗ ಮೆತ್ತಗ ಐತೋ ಗಟ್ಟಿ ಐತೋ ಅಂತ ಹೆಂಗ ಗೊತ್ತಾಗ್ತದ?"

ಎಳೆದು ನೋಡುತ್ತದೆ, ಅಷ್ಟೇ. ದಾದರ್‌ನಲ್ಲಿ ಲೋಕಲ್ ಹತ್ತಿದ ಕೂಡಲೇ ಮೇಲಿನ ಹಿಡಿ ಹಿಡಿದು ಒಮ್ಮೆ ಜಗ್ಗುತ್ತೀವಲ್ಲ, ಹಾಗೆ. ಕೋಶದ ಹೊರಮೈಯಲ್ಲಿ ಇಂಟೆಗ್ರಿನ್ ಅಂತ ಹಿಡಿಗಳಿವೆ, ಒಳಗಿನಿಂದ ಆಕ್ಟಿನ್ ಎಳೆಗಳನ್ನು ಮಯೋಸಿನ್ ಎಂಬ ಪ್ರೋಟೀನು ಜಗ್ಗುತ್ತದೆ, ನಡುವೆ ಟ್ಯಾಲಿನ್ ಎಂಬ ಕೊಂಡಿ. ನೆಲ ಗಟ್ಟಿ ಇದ್ದರೆ ಟ್ಯಾಲಿನ್ ಹಿಗ್ಗಿ ಬಿಚ್ಚಿಕೊಳ್ಳುತ್ತದೆ, ಅಲ್ಲಿಗೆ ವಿಂಕ್ಯುಲಿನ್ ಎಂಬ ಇನ್ನೊಂದು ಪ್ರೋಟೀನು ಬಂದು ಅಂಟುತ್ತದೆ, ಹಿಡಿತ ಬಲವಾಗುತ್ತದೆ. ಮೆತ್ತಗಿದ್ದರೆ ನೆಲವೇ ಜೊತೆಗೆ ಬಂದುಬಿಡುತ್ತದೆ, ಬಿಗಿ ಹುಟ್ಟುವುದೇ ಇಲ್ಲ. (ಕೋಶದ ಪೊರೆಯಲ್ಲಿ ಒತ್ತಿದಾಗ ತೆರೆಯುವ ಪೀಜೋ ಎಂಬ ಬಾಗಿಲುಗಳದ್ದು ಬೇರೆ ಕಥೆ. ಆರ್ಡೆಮ್ ಪಟಪೂಟಿಯನ್ ತಂಡ ಕೋಶಗಳನ್ನು ಗಾಜಿನ ಮೊನೆಯಿಂದ ಚುಚ್ಚುತ್ತಾ, ಒಂದೊಂದೇ ಜೀನ್ ಬಾಯಿ ಮುಚ್ಚಿಸುತ್ತಾ ಹೋಗಿ 72ನೆಯದರಲ್ಲಿ ಅದನ್ನು ಹಿಡಿಯಿತು. 2010ರಲ್ಲಿ ಪ್ರಕಟವಾಯಿತು, 2021ರಲ್ಲಿ ನೊಬೆಲ್.)

ನಾವು ಕೋಶ ಬೆಳೆಸುವ ಪ್ಲಾಸ್ಟಿಕ್ ಡಿಶ್ ಮಿದುಳಿಗಿಂತ ಲಕ್ಷಗಟ್ಟಲೆ ಪಟ್ಟು ಗಟ್ಟಿ. ಅದರ ಬದಲು ಪಾಲಿಅಕ್ರಿಲಮೈಡ್ ಜೆಲ್ ಹಾಸಿ. 2006ರಲ್ಲಿ ಎಂಗ್ಲರ್, ಡಿಷರ್ ಮತ್ತು ಸಂಗಡಿಗರು ಇದೇ ಜೆಲ್ ಮೇಲೆ ಕಾಂಡಕೋಶ (ಮುಂದೆ ಏನಾಗಬೇಕೆಂದು ಇನ್ನೂ ತೀರ್ಮಾನವಾಗದ ಸ್ಟೆಮ್ ಸೆಲ್) ಬಿಟ್ಟು ತೋರಿಸಿದ್ದು ಇದು: ಜೆಲ್ಲಿನ ಗಟ್ಟಿತನ 0.1ರಿಂದ 1 ಕಿಲೋಪಾಸ್ಕಲ್ ಇದ್ದರೆ ನರದ ಕಡೆ ವಾಲುತ್ತವೆ, 8ರಿಂದ 17 ಇದ್ದರೆ ಸ್ನಾಯು, 25ರಿಂದ 40 ಇದ್ದರೆ ಮೂಳೆ. ಆ ಪೇಪರಿನ ನಾಲ್ವರು ಲೇಖಕರಲ್ಲಿ ಒಬ್ಬರಾದ ಶಮಿಕ್ ಸೇನ್ ಆಮೇಲೆ ನಮ್ಮ ಪೊವಾಯಿ ಐಐಟಿಗೇ ಬಂದರು. ನೀವು ಮಾತ್ರ ಮೊದಲಿಗೇ ಕಾಂಡಕೋಶಕ್ಕೆ ಕೈ ಹಾಕಬೇಡಿ. 3ಟಿ3 ಎಂಬ ಇಲಿಯ ಕೋಶ ಸಾಕು, ಅಗ್ಗ, ಹಟ ಕಡಿಮೆ.

ಮೊದಲು ಗಾಜು. 18 ಮಿಲಿಮೀಟರಿನ ಗುಂಡು ಕವರ್‌ಸ್ಲಿಪ್ ತಗೊಂಡು, ಒಂದು ಮೈ ಮೇಲೆ ವಜ್ರದ ಪೆನ್ನಿನಿಂದ ಅಂಚಿನಲ್ಲಿ ಪುಟ್ಟದಾಗಿ ಒಂದು 'ಕ' ಗೀರಿ. ಯಾಕೆ ಅಂತ ಆಮೇಲೆ ಗೊತ್ತಾಗುತ್ತದೆ. ಆ ಮೈಗೆ ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಒಣಗಿಸಿ, ಐದು ನಿಮಿಷ ಅಮೈನೋಸಿಲೇನ್, ಆಮೇಲೆ ಚೆನ್ನಾಗಿ ತೊಳೆಯಿರಿ. ಚೆನ್ನಾಗಿ ಅಂದರೆ ನಿಮಗೆ ಬೇಜಾರಾಗುವಷ್ಟು, ಯಾಕೆಂದರೆ ಸಿಲೇನ್ ಉಳಿದರೆ ಮುಂದಿನ ಗ್ಲುಟರಾಲ್ಡಿಹೈಡ್ ಜೊತೆ ಸೇರಿ ಕಂದು ಕಂದಾಗಿ, ಕೊನೆಗೆ ಮೈಕ್ರೋಸ್ಕೋಪಿನಲ್ಲಿ ಗಾಜೇ ಬೆಳಗುತ್ತದೆ. ಗ್ಲುಟರಾಲ್ಡಿಹೈಡ್ 0.5 ಪರ್ಸೆಂಟ್, ಅರ್ಧ ಗಂಟೆ. ಜೆಲ್ಲು ಗಾಜಿಗೆ ಅಂಟುವುದು ಇದರಿಂದಲೇ.

ಈಗ ಜೆಲ್, 1 ಮಿಲಿಲೀಟರ್ ಲೆಕ್ಕ. ಅಕ್ರಿಲಮೈಡ್ 40 ಪರ್ಸೆಂಟಿನದು, ಅದರ ಎಳೆಗಳನ್ನು ಒಂದಕ್ಕೊಂದು ಹೆಣೆಯುವ ಬಿಸ್ 2 ಪರ್ಸೆಂಟಿನದು. ಮೆತ್ತಗಿನದಕ್ಕೆ 75 ಮತ್ತು 30 ಮೈಕ್ರೋಲೀಟರ್, ಇದು 1 ಕಿಲೋಪಾಸ್ಕಲ್‌ಗಿಂತ ಕೆಳಗೆ ನಿಲ್ಲುತ್ತದೆ. ಗಟ್ಟಿಯದಕ್ಕೆ 200 ಮತ್ತು 240, ಸುಮಾರು 40 ಕಿಲೋಪಾಸ್ಕಲ್. ಉಳಿದದ್ದಕ್ಕೆ ಪಿಬಿಎಸ್ ಎಂಬ ಉಪ್ಪುನೀರು. ಕೊನೆಯಲ್ಲಿ ಜೆಲ್ ಕಟ್ಟಿಸಲು 10 ಪರ್ಸೆಂಟ್ ಎಪಿಎಸ್ 10 ಮೈಕ್ರೋಲೀಟರ್, ಕೊಳೆತ ಮೀನಿನ ವಾಸನೆಯ ಟೆಮೆಡ್ 1 ಮೈಕ್ರೋಲೀಟರ್. ಗ್ಲವ್ಸ್ ಇಲ್ಲದೆ ಮುಟ್ಟಬೇಡಿ, ಕಟ್ಟದ ಅಕ್ರಿಲಮೈಡ್ ನರಗಳಿಗೆ ವಿಷ. ತಕ್ಷಣ 25 ಮೈಕ್ರೋಲೀಟರ್ ಹನಿಯನ್ನು ನೀರು ಅಂಟದ ಹಾಗೆ ಮಾಡಿಟ್ಟ ಸ್ಲೈಡ್ ಮೇಲೆ ಬಿಟ್ಟು, 'ಕ' ಗೀರಿದ ಮೈ ಕೆಳಗೆ ಬರುವಂತೆ ಕವರ್‌ಸ್ಲಿಪ್ ಮುಚ್ಚಿ. ಇಷ್ಟು ಹನಿಗೆ ದಪ್ಪ ಸುಮಾರು 100 ಮೈಕ್ರಾನ್ ಬರುತ್ತದೆ. ಜೆಲ್ ಉಳಿಸಲು ಹೋಗಿ ಕೆಲವೇ ಮೈಕ್ರಾನಿಗೆ ಇಳಿಸಿದರೆ ಕೋಶ ಕೆಳಗಿನ ಗಾಜನ್ನೇ ಜಗ್ಗುತ್ತದೆ. ಸಿಮೆಂಟು ನೆಲದ ಮೇಲೆ ಒಂದೇ ಚಾಪೆ ಹಾಸಿ ಮಲಗಿದ ಹಾಗೆ.

ಕಟ್ಟಿತೋ ಇಲ್ಲವೋ ನೋಡಲು ಗಾಜು ಕದಲಿಸಬೇಡಿ. ಟ್ಯೂಬಿನಲ್ಲಿ ಉಳಿದದ್ದನ್ನು ಓರೆ ಮಾಡಿ, ಹರಿಯಬಾರದು. ಹೋದ ವರ್ಷ ಆಗಸ್ಟ್‌ನಲ್ಲಿ ಮೂರು ದಿನ ನನ್ನದು ಹರಿಯುತ್ತಲೇ ಇತ್ತು. ಟೆಮೆಡ್ ಬದಲಿಸಿದೆ, ಪೈಪೆಟ್ ಬದಲಿಸಿದೆ, ಸುಮ್ನೆ ಎಲ್ಲರ ಮೇಲೆ ರೇಗಿದೆ. ಕೊನೆಗೆ ನೋಡಿದರೆ ಎಪಿಎಸ್ ಡಬ್ಬಿಯ ಮುಚ್ಚಳ ನಾನೇ ಸಡಿಲ ಬಿಟ್ಟಿದ್ದೆ, ಪುಡಿ ಮಳೆಗಾಲದ ಉಪ್ಪಿನ ಹಾಗೆ ಗಂಟು ಕಟ್ಟಿತ್ತು. ಮುಂಬೈ ಮಳೆಯಲ್ಲಿ ಡಬ್ಬಿಯನ್ನು ಸಿಲಿಕಾ ಜೆಲ್ ಜೊತೆ ಇಡಿ, ದ್ರಾವಣ ಆಗಾಗ ಹೊಸದು ಮಾಡಿ.

ಕಟ್ಟಿದ ಮೇಲೆ ಕವರ್‌ಸ್ಲಿಪ್ಪನ್ನು ಜೆಲ್ ಸಮೇತ ಸ್ಲೈಡಿನಿಂದ ಎತ್ತಿ ತೊಳೆಯಿರಿ. ಬರೀ ಜೆಲ್ ಮೇಲೆ ಕೋಶ ಕೂರುವುದಿಲ್ಲ, ಹಿಡಿಯಲು ಏನೂ ಇಲ್ಲ. ಹಾಗಾಗಿ ಜೆಲ್‌ಗೆ ಪ್ರೋಟೀನು ಅಂಟಿಸುವ ಸಲ್ಫೋ ಸ್ಯಾನ್‌ಪಾ ಹಾಕಿ ಯುವಿ ಕೆಳಗೆ ಹತ್ತು ನಿಮಿಷ ಇಡಿ. ಕಿತ್ತಳೆ ಕೆಂಪು ಹೋಗಿ ಕಂದಾಗುತ್ತದೆ. ಇದು ನೀರಿನಲ್ಲಿ ಬೇಗ ಕೆಡುತ್ತದೆ, ಕಲಸಿದ ಮೇಲೆ ಫೋನ್ ಎತ್ತಬೇಡಿ. ಆಮೇಲೆ ಕೋಶ ಹಿಡಿದುಕೊಳ್ಳುವ ಪ್ರೋಟೀನು ಕೊಲಾಜೆನ್, ರಾತ್ರಿಯಿಡೀ. ಎರಡೂ ಜೆಲ್‌ಗೆ ಒಂದೇ ಪ್ರಮಾಣ ಹಾಕಿ, ಇಲ್ಲದಿದ್ದರೆ ವ್ಯತ್ಯಾಸ ಗಟ್ಟಿತನದ್ದೋ ಕೊಲಾಜೆನ್ನಿನದ್ದೋ ಯಾರಿಗೆ ಗೊತ್ತು?

ಕೋಶ ಕಡಿಮೆ ಬಿಡಿ. ಜಾಸ್ತಿ ಆದರೆ ಒಂದನ್ನೊಂದು ಹಿಡಿದು ಜಗ್ಗುತ್ತವೆ, ನೆಲ ಲೆಕ್ಕಕ್ಕೇ ಬರುವುದಿಲ್ಲ. ಮರುದಿನ ಮೆತ್ತಗಿನ ಜೆಲ್ ಮೇಲೆ ನೆನೆದ ಸಾಬಕ್ಕಿಯಂತೆ ದುಂಡಗೆ ಕೂತಿರಬೇಕು, ಗಟ್ಟಿಯದರ ಮೇಲೆ ಕಾವಲಿಗೆ ಹುಯ್ದ ನೀರ್‌ದೋಸೆಯಂತೆ ಹರಡಿರಬೇಕು. ಯಾಪ್ ಪ್ರೋಟೀನಿಗೆ ಬಣ್ಣ ಹಾಕಿದರೆ ಇನ್ನೂ ಸ್ಪಷ್ಟ: ಗಟ್ಟಿ ನೆಲದಲ್ಲಿ ಅದು ನ್ಯೂಕ್ಲಿಯಸ್ ಒಳಗೆ, ಮೆತ್ತಗಿನದರಲ್ಲಿ ಹೊರಗೆ. ಇಟಲಿಯ ಪಿಕ್ಕೊಲೊ ತಂಡ 2011ರಲ್ಲಿ ತೋರಿಸಿದ್ದು ಇದನ್ನೇ. ಇನ್ನೊಂದು ಗಟ್ಟಿ ಜೆಲ್‌ಗೆ ಬ್ಲೆಬಿಸ್ಟಾಟಿನ್ ಹಾಕಿ ಮಯೋಸಿನ್ ನಿಲ್ಲಿಸಿ ನೋಡಿ. ಜಗ್ಗುವ ಶಕ್ತಿ ಹೋದರೆ ಯಾಪ್ ಗಟ್ಟಿ ನೆಲದಲ್ಲೂ ಹೊರಗೆ ಬರುತ್ತದೆ. ನೀಲಿ ಬೆಳಕಿಗೆ ಆ ಔಷಧಿ ಕೆಡುತ್ತದೆ, ಕತ್ತಲಲ್ಲಿಡಿ.

ಹುಡುಗ ಮೊದಲ ಸಲ ಮಾಡಿದಾಗ ಮೆತ್ತಗಿನದರ ಮೇಲೂ ಕೋಶಗಳು ಹರಡಿದ್ದವು. "ಅಕ್ಕಾರ, ಆ ಪೇಪರೇ ಸುಳ್ಳದ" ಅಂದ. ಚಿಮಟದಲ್ಲಿ ಕವರ್‌ಸ್ಲಿಪ್ ಎತ್ತಿ ಬೆಳಕಿಗೆ ಹಿಡಿ ಅಂದೆ. 'ಕ' ತಿರುಗಿತ್ತು. ಸಿಲೇನ್ ಹಾಕದ ಮೈಗೆ ಜೆಲ್ ಹುಯ್ದಿದ್ದ, ತೊಳೆಯುವಾಗ ಅದು ಕಿತ್ತು ಹೋಗಿತ್ತು, ಕೋಶಗಳು ಆರಾಮಾಗಿ ಗಾಜಿನ ಮೇಲೆ ಕೂತಿದ್ದವು.