ಕಳೆನಾಶಕ ತಡೆಯುವ ಹತ್ತಿ: ಬೀಜ ಕೊಳ್ಳುವ ಮುನ್ನ

‘ಕಳೆ ತೆಗೆಯೋದೇ ಬೇಡ’ ಎಂದು ಬಿಲ್ಲಿಲ್ಲದೆ ಮಾರುವ ಹತ್ತಿ ಬೀಜ ಕೊಳ್ಳಬೇಡಿ. ನಮ್ಮಲ್ಲಿ 2002ರಿಂದ ಅನುಮತಿ ಇರುವುದು ಕಾಯಿಕೊರಕ ತಡೆಯುವ ಬಿಟಿ ಹತ್ತಿಗೆ; ಕಳೆನಾಶಕ ತಡೆಯುವ, ಅಂದರೆ ಅದನ್ನು ಹೊಡೆದರೂ ಸಾಯದ ಹತ್ತಿಗಲ್ಲ. ಬೆಳೆ ಕೈಕೊಟ್ಟರೆ ಪರಿಹಾರ ಕೇಳಲು ದಾಖಲೆಯೇ ಇರುವುದಿಲ್ಲ. ಬಿಲ್ಲು, ಲಾಟ್ ನಂಬರಿರುವ ಖಾಲಿ ಪ್ಯಾಕೆಟ್ ಎರಡನ್ನೂ ಕೊಯ್ಲಿನವರೆಗೆ ಎತ್ತಿಡಿ.

ಈ ಹತ್ತಿಗೆ ಹೊಡೆಯುವ ಕಳೆನಾಶಕ ಗ್ಲೈಫೋಸೇಟ್ ಗಾಳಿಗೆ ತೇಲಿದರೆ ಪಕ್ಕದ ಹೊಲದ ತೊಗರಿ ಒಣಗುತ್ತದೆ. ವರ್ಷವೂ ಅದೊಂದನ್ನೇ ಹೊಡೆದರೆ ಸಾಯದೆ ಉಳಿದ ಕಳೆಯೇ ಬೀಜ ಉದುರಿಸಿ ಹೊಲ ತುಂಬುತ್ತದೆ. ಅಮೆರಿಕದ ಜಾರ್ಜಿಯಾದಲ್ಲಿ ದಂಟಿನ ಜಾತಿಯ ಪಾಮರ್ ಕಳೆ ಹೀಗೇ ಮೊಂಡಾಯಿತು. ಹತ್ತಿ ಹೊಲಕ್ಕೆ ಮತ್ತೆ ಕೂಲಿಯಾಳು ಇಳಿಯಬೇಕಾಯಿತು, ಖರ್ಚು ಏರಿತು.

ಬದಲಿಗೆ, ಬಿತ್ತಿದ 3 ದಿನದೊಳಗೆ ಕಳೆ ಮೊಳೆಯದಂತೆ ತಡೆಯುವ ಪೆಂಡಿಮೆಥಾಲಿನ್ 30 ಇಸಿ ಔಷಧವನ್ನು ಎಕರೆಗೆ 1 ಲೀಟರಿನಂತೆ 200 ಲೀಟರ್ ನೀರಿನಲ್ಲಿ ಬೆರೆಸಿ ಹಸಿ ಮಣ್ಣಿಗೆ ಸಿಂಪಡಿಸಿ. ಹಿಂದಕ್ಕೆ ನಡೆಯುತ್ತ ಹೊಡೆಯಿರಿ, ತುಳಿದಲ್ಲಿ ಔಷಧದ ಪದರ ಒಡೆಯುತ್ತದೆ. ಒಣ ಮಣ್ಣಾದರೆ ದುಡ್ಡು ದಂಡ. 25ನೇ ದಿನದಿಂದ ಎಡೆಕುಂಟೆ ಹೊಡೆದು, ಸಾಲಿನೊಳಗಿನ ಕಳೆಯನ್ನು ಹೂ ಬಿಡುವ ಮೊದಲೇ ಕೀಳಿಸಿ.